ಮೊಳೆಗೆ ನೇತುಹಾಕಿದ ತಟ್ಟೆ

ಜಜ್ಜಿದ ಬೆಳ್ಳುಳ್ಳಿ ಕಾದ ಕಡಲೆಕಾಯಿ ಎಣ್ಣೆಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ. ಯರ್ರಮ್ಮನ ಬಾಲ್ಯ ಎಂದರೆ ಆ ವಾಸನೆ.

ಅವಳ ತವರೂರು ಮೊಳಕಾಲ್ಮೂರು ತಾಲ್ಲೂಕಿನಲ್ಲಿ, ಕೊಂಡ್ಲಹಳ್ಳಿ ದಾಟಿ ಒಳಗೆ ಹೋದರೆ ಸಿಗುವ ಸಣ್ಣ ಊರು. ಊರಿಗೊಂದೇ ಹೋಟೆಲು. ಬೆಳಗಾದರೆ ಅಲ್ಲಿ ಮಂಡಕ್ಕಿ ಒಗ್ಗರಣೆ. ಮಾದಿಗರ ಕೇರಿ ಊರಿನಿಂದ ದೂರವಿತ್ತು. ಆದರೂ ವಾಸನೆ ಯಾರ ಅಪ್ಪಣೆಯನ್ನೂ ಕೇಳದೆ ಅಲ್ಲಿಯವರೆಗೆ ಬರುತ್ತಿತ್ತು. ಕೂಲಿ ಸಿಕ್ಕ ಮಾರನೆಯ ದಿನ ಅಪ್ಪ ಕ್ಯಾತಪ್ಪ ಮಗಳನ್ನು ಕರೆದುಕೊಂಡು ಅಲ್ಲಿಗೆ ಹೋಗುತ್ತಿದ್ದ. ಹೋಟೆಲಿನ ಒಳಗಲ್ಲ. ಹೊರಗೆ ಬೇವಿನ ಮರದ ಕೆಳಗೆ ಒಂದು ಚಪ್ಪಡಿ ಇತ್ತು. ಸೂರಿನ ಸಂದಿಯಲ್ಲಿ ಒಂದು ಸಿಲ್ವಾರದ ತಟ್ಟೆ, ಒಂದು ಸಿಲ್ವಾರದ ಲೋಟ ಸಿಕ್ಕಿಸಿರುತ್ತಿದ್ದರು. ಅಪ್ಪ ಅದನ್ನು ತೆಗೆದು ತೊಳೆದು ಹಿಡಿಯುತ್ತಿದ್ದ. ಮಂಡಕ್ಕಿ ಮೇಲಿನಿಂದ ಬೀಳುತ್ತಿತ್ತು. ತಿಂದಾದ ಮೇಲೆ ಮತ್ತೆ ತೊಳೆದು ಸೂರಿಗೆ ಸಿಕ್ಕಿಸಿ ಬರುತ್ತಿದ್ದ. ಒಳಗೆ ಕೂತು ತಿಂದವರು ತಟ್ಟೆಯನ್ನು ಅಲ್ಲೇ ಬಿಟ್ಟು ಎದ್ದು ಹೋಗುತ್ತಿದ್ದರು. ಅವರ ತಟ್ಟೆಗಳು ಎಲ್ಲಿಗೆ ಹೋಗುತ್ತವೆ, ಯಾರು ತೊಳೆಯುತ್ತಾರೆ ಎಂಬುದು ಸಣ್ಣವಳಾದ ಯರ್ರಮ್ಮನಿಗೆ ದೊಡ್ಡ ಒಗಟಾಗಿತ್ತು.

ಆ ಹೋಟೆಲಿನ ಮನೆಗೆ ಹೊಸದಾಗಿ ಬಂದ ಸೊಸೆಯ ಹೆಸರು ಸರ್ವಮಂಗಳ. ಮಾವ ಆ ಕಡೆ ತಿರುಗಿದಾಗ ಆಕೆ ಹುಡುಗಿಯ ತಟ್ಟೆಗೆ ಇನ್ನೊಂದು ಹಿಡಿ ಮಂಡಕ್ಕಿ ಹಾಕುತ್ತಿದ್ದಳು. ಅದೂ ಮೇಲಿನಿಂದಲೇ. ಆದರೂ ಒಂದು ಹಿಡಿ ಜಾಸ್ತಿ. ಯರ್ರಮ್ಮ ಆ ಹಿಡಿಯನ್ನೂ ಮರೆತಿರಲಿಲ್ಲ, ಮೇಲಿನಿಂದ ಬಿದ್ದದ್ದನ್ನೂ ಮರೆತಿರಲಿಲ್ಲ.

ಈಗ ಆ ಸರ್ವಮಂಗಳಮ್ಮನ ಮಗ ಓಂಕಾರಮೂರ್ತಿ ಚಳ್ಳಕೆರೆಯ ಹೊರಗೆ ಹೆದ್ದಾರಿಯ ಪಕ್ಕ ಇಟಲಿ ಊಟದ ಹೋಟೆಲು ನಡೆಸುತ್ತಿದ್ದಾನೆ. ಅವನು ಓದಿದ್ದು ಹೋಟೆಲ್ ಮ್ಯಾನೇಜ್‌ಮೆಂಟು. ಪ್ರವಾಸಿಗಳ ಹಡಗಿನಲ್ಲಿ ಇಟಲಿಯ ಅಡಿಗೆಯವರ ಕೈಕೆಳಗೆ ವರ್ಷಗಟ್ಟಲೆ ದುಡಿದು ಬಂದವನು. ಅಡಿಗೆ ಅವನಿಗೆ ನಿಜವಾಗಿಯೂ ಗೊತ್ತು. ದನ ಮೇಯುತ್ತಿದ್ದ ದೊಡ್ಡಉಳ್ಳಾರ್ತಿ ಕಾವಲಿನಲ್ಲಿ ಎದ್ದ ಸಂಶೋಧನಾ ಕೇಂದ್ರಗಳಿಗೆ ಬರುವ ವಿಜ್ಞಾನಿಗಳು, ಬಳ್ಳಾರಿಯ ಕಡೆ ಕಾರಿನಲ್ಲಿ ಹೋಗುವ ಸಂಸಾರಗಳು, ಹುಟ್ಟುಹಬ್ಬದ ದಿನ ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಅಲ್ಲಿಗೆ ಬರುತ್ತಾರೆ. ಬಿಳಿ ಮೇಜುಬಟ್ಟೆ, ಉದ್ದ ಕಾಲಿನ ಗಾಜಿನ ಲೋಟ, ಹಗಲಲ್ಲೂ ಉರಿಯುವ ಮೇಣದ ಬತ್ತಿ. ಗೋಡೆಯ ಮೇಲೆ ಗಾಜಿನ ಚೌಕಟ್ಟಿನೊಳಗೆ ಒಂದು ಮೊಳಕಾಲ್ಮೂರು ರೇಷ್ಮೆ ಸೀರೆ, ಸೆರಗು ಬಿಚ್ಚಿ ತೋರಿಸಿದ್ದು.

ಹೋಟೆಲಿನ ಹೆಸರು ಕಾಸಾ ಓಂಕಾರ್. ಕಾಸಾ ಎಂದರೆ ಇಟಲಿಯವರ ಮಾತಿನಲ್ಲಿ ಮನೆ. "ಇದು ಹೋಟ್ಲಲ್ಲ, ನಮ್ಮನೆ" ಎಂದು ಓಂಕಾರಮೂರ್ತಿ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿದಂತೆ ಮನೆಯ ಹಾಗೆಯೇ ನಡೆಸುತ್ತಿದ್ದ.

ಯರ್ರಮ್ಮ ಅಲ್ಲಿ ತಟ್ಟೆ ತೊಳೆಯುತ್ತಾಳೆ. ಮದುವೆಯಾಗಿ ದೊಡ್ಡಉಳ್ಳಾರ್ತಿ ಕಡೆಯ ಕೇರಿಗೆ ಬಂದವಳು. ಮೊದಲು ಕಾವಲಿನಲ್ಲಿ ಹುಲ್ಲು ಕೊಯ್ಯುತ್ತಿದ್ದಳು. ಕಾವಲಿಗೆ ಕಾಂಪೌಂಡು ಬಂತು. ಆಮೇಲೆ ಶೇಂಗಾ ಹೊಲದಲ್ಲಿ ಕಳೆ ತೆಗೆಯುತ್ತಿದ್ದಳು. ಮೊಣಕಾಲು ಹೋಯಿತು, ಕುಕ್ಕರಗಾಲಲ್ಲಿ ಕೂರಲು ಆಗದು. ನಿಂತು ಮಾಡುವ ಕೆಲಸ ಆ ಸುತ್ತಿನಲ್ಲಿ ಇದೊಂದೇ. "ನಮ್ಮೂರ ಹೆಣ್ಣುಮಗಳು" ಎಂದು ಓಂಕಾರಮೂರ್ತಿ ತಾನಾಗಿಯೇ ಕರೆದು ಕೊಟ್ಟಿದ್ದ. ಗಂಡ ತೀರಿಕೊಂಡ ಮೇಲೆ ಆ ಸಂಬಳದಲ್ಲೇ ಅವಳು ಮಗಳನ್ನು ಓದಿಸಿದಳು.

ಅವಳು ನಿಲ್ಲುವ ಜಾಗ ಹಿಂದುಗಡೆ. ತಟ್ಟೆಗಳು ಒಂದು ಕಿಂಡಿಯಿಂದ ಬರುತ್ತವೆ. ಮುಂದಿನ ಹಾಲಿಗೆ ಅವಳು ಹೋಗುವಂತಿಲ್ಲ ಎಂದು ಯಾರೂ ಹೇಳಿರಲಿಲ್ಲ. ಅವಳೂ ಹೋಗಿರಲಿಲ್ಲ. ಕ್ಷಾರದ ಸೋಪಿಗೆ ಬೆರಳ ಸಂದಿ ಬಿರಿದಿತ್ತು. ಸಂಜೆಗೆ ಪಾದ ಊದಿ ಚಪ್ಪಲಿ ಹಿಡಿಸುತ್ತಿರಲಿಲ್ಲ. ಅಲ್ಲಿಯ ಊಟವನ್ನು ಅವಳು ಎಂಜಲಿನಿಂದ ಬಲ್ಲಳು. ಮಧ್ಯಾಹ್ನ ಕೆಲಸದವರಿಗೆಲ್ಲ ಅನ್ನ, ಸಾರು. ಅವರೆಲ್ಲರ ತಟ್ಟೆಗಳು ಒಂದು ಬುಟ್ಟಿಯಲ್ಲಿರುತ್ತವೆ, ಯಾರದು ಯಾರಿಗೆ ಬೇಕಾದರೂ ಬರುತ್ತದೆ. ಯರ್ರಮ್ಮನ ಸ್ಟೀಲಿನ ತಟ್ಟೆ ಮಾತ್ರ ತೊಟ್ಟಿಯ ಮೇಲೆ ಮೊಳೆಗೆ ನೇತಾಡುತ್ತದೆ. ನೇತುಹಾಕಲು ಅದರ ಅಂಚಿಗೆ ಒಂದು ತೂತು ಕೊರೆದಿದ್ದಾರೆ. ಸ್ಟೀಲಿಗೆ ತೂತು ಕೊರೆಯುವುದು ಸುಲಭವಲ್ಲ. ಯಾರೋ ಶ್ರಮಪಟ್ಟಿದ್ದರು.

ಕಿಂಡಿಯ ಆಚೆ ಪಾಲಾಕ್ಷ. ನಲವತ್ತು ದಾಟಿದ ಮನುಷ್ಯ, ಎರಡು ಹೆಣ್ಣುಮಕ್ಕಳ ತಂದೆ. ಚಳ್ಳಕೆರೆಯ ಖಾನಾವಳಿಯಲ್ಲಿ ಬಡಿಸುತ್ತಿದ್ದವನು ಈಗ ಕರಿ ಕೋಟು ಹಾಕಿಕೊಂಡು ಇಲ್ಲಿ ಬಡಿಸುತ್ತಾನೆ. ತಟ್ಟೆಯನ್ನು ಕಿಂಡಿಗೆ ಇಡುವ ಮೊದಲು ಉಳಿದದ್ದನ್ನು ಹೆಬ್ಬೆರಳಿನಿಂದ ಬಳಿದು ಬಕೆಟ್ಟಿಗೆ ಹಾಕುತ್ತಾನೆ. ಅದು ಅವನ ಕೆಲಸವಲ್ಲ. ಯರ್ರಮ್ಮನ ಕೈಗೆ ಅಷ್ಟು ಹೊರೆ ಕಡಿಮೆಯಾಗಲಿ ಎಂದು ಮಾಡುತ್ತಿದ್ದ. ಹೊತ್ತಿಗೆ ಸರಿಯಾಗಿ ಟೀ ತಂದಿಡುತ್ತಾನೆ. "ಯರ್ರಕ್ಕ, ಆರಿ ಹೋಗ್ತೈತೆ, ಕುಡಿ" ಎನ್ನುತ್ತಾನೆ. ಟೀಯನ್ನು ಕಿಂಡಿಯ ಕಟ್ಟೆಯ ಮೇಲೆ ಇಡುತ್ತಾನೆ. ಕೈಗೆ ಕೊಡುವುದಿಲ್ಲ. ಅವನು ಕೈ ತೆಗೆದ ಮೇಲೆ ಅವಳು ಎತ್ತಿಕೊಳ್ಳುತ್ತಾಳೆ. ಇಷ್ಟು ವರ್ಷದಲ್ಲಿ ಇಬ್ಬರ ಕೈಯೂ ಒಮ್ಮೆಯೂ ತಪ್ಪಿ ತಾಕಿರಲಿಲ್ಲ.

ಮಗಳು ಆಶಾ ಸರ್ಕಾರಿ ಬಸ್ಸಿನ ಕಂಡಕ್ಟರ್. ಚಳ್ಳಕೆರೆ–ಮೊಳಕಾಲ್ಮೂರು ದಾರಿಯಲ್ಲಿ ಅವಳ ದನಿ ಎಲ್ಲರಿಗೂ ಪರಿಚಿತ. ಕೆಲಸ ಕಾಯಂ ಆದ ವಾರ ಅವಳು ಅವ್ವನ ಪಾದಕ್ಕೆ ಎಣ್ಣೆ ತಿಕ್ಕುತ್ತ ಕೇಳಿದಳು.

"ಅವ್ವ, ನಿಮ್ಮ ಹೋಟ್ಲಲ್ಲಿ ಊಟ ಹೆಂಗಿರ್ತೈತೆ?"

"ಅಂಟ್ತೈತೆ."

"ನಾನು ರುಚಿ ಕೇಳಿದ್ದು."

"ರುಚಿ ನಂಗೇನು ಗೊತ್ತು? ಕೆಂಪುಂದು ಬಿಸಿನೀರಿಗೆ ಬಿಟ್ಕಂತೈತೆ. ಬಿಳೀದು ಉಗುರಲ್ಲಿ ಕೆರೀಬೇಕು."

ಆಶಾ ನಕ್ಕಳು. ಆಮೇಲೆ ನಗು ನಿಲ್ಲಿಸಿದಳು.

"ಬರೋ ಭಾನ್ವಾರ ರಜ ಹಾಕು. ಅಲ್ಲಿಗೆ ಊಟಕ್ಕೆ ಹೋಗಾಣ."

"ಚಳ್ಳಕೆರೇಲಿ ಬೇಕಾದಷ್ಟು ಹೋಟ್ಲವೆ."

"ಅವೆ. ನೀನು ತಟ್ಟೆ ತೊಳೆಯಾದು ಒಂದ್ರಲ್ಲೇ."

"ಕೆಲ್ಸ ಹೋದ್ರೆ?"

"ಉಂಡಿದ್ದಕ್ಕೆ ಕೆಲ್ಸ ತೆಗಿತಾರೇನವ್ವ?"

ಆ ಪ್ರಶ್ನೆಗೆ ಉತ್ತರ ಇಬ್ಬರಿಗೂ ಗೊತ್ತಿತ್ತು. ಆಶಾ ಇನ್ನೊಂದು ಪಾದವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಭಾನುವಾರ ಮಧ್ಯಾಹ್ನ ಯರ್ರಮ್ಮ ಮೊದಲ ಸಲ ಕಾಸಾ ಓಂಕಾರಿನ ಮುಂಬಾಗಿಲಿಗೆ ಬಂದಳು. ಮ್ಯಾನೇಜರ್ ನಾಗರಾಜ ಬಾಗಿಲಲ್ಲೇ ಇದ್ದ.

"ಯರ್ರಮ್ಮ, ಇವತ್ತು ರಜ ಅಂದಿದ್ದೆಯಲ್ಲ?"

"ರಜಾನೇ."

"ಮತ್ತೆ? ಹಿಂದ್ಗಡೆ ಬಾಗ್ಲು ತೆಗ್ದೇ ಐತಲ್ಲ."

"ಊಟಕ್ಕೆ ಬಂದೀವ್ರಿ" ಎಂದಳು ಆಶಾ. "ಫೋನ್ ಮಾಡಿ ಹೇಳಿದ್ದೆ. ಇಬ್ಬರಿಗೆ. ಆಶಾ ಅಂತ."

ನಾಗರಾಜ ತನ್ನ ಫೋನು ನೋಡಿಕೊಂಡ. ಆಶಾ ಎಂಬ ಹೆಸರಿನಿಂದ ಏನೂ ತಿಳಿಯುವುದಿಲ್ಲ. ಅದು ಆ ಹೆಸರಿನ ದೋಷ.

ನಾಗರಾಜ ಒರಟನಲ್ಲ. ದನಿ ಏರಿಸುವವನೂ ಅಲ್ಲ. "ಒಂದ್ಕೆಲ್ಸ ಮಾಡಾಣಕ್ಕ" ಎಂದ. "ಹಿಂದ್ಗಡೆ ಬೇವಿನ ಮರದ ಕೆಳಗೆ ಒಂದು ಟೇಬಲ್ ಹಾಕಿಸ್ತೀನಿ. ಗಾಳಿ ಚೆನ್ನಾಗಿರ್ತೈತೆ."

ಬೇವಿನ ಮರ ಎಂದಾಗ ಯರ್ರಮ್ಮ ತಲೆ ಎತ್ತಿ ಅವನನ್ನು ನೋಡಿದಳು. ಅವನಿಗೆ ಯಾಕೆಂದು ತಿಳಿಯಲಿಲ್ಲ.

"ಗಾಳಿ ಒಳಗೂ ಐತಲ್ರಿ" ಎಂದಳು ಆಶಾ.

"ಒಳಗೆ ಏಸಿ. ಅವ್ವಂಗೆ ಶೀತ ಆದೀತು."

"ಸೆರಗು ಹೊದ್ಕಂತಾಳೆ."

"ಪಾರ್ಸೆಲ್ ಕಟ್ಟಿಸ್ಲಾ? ದುಡ್ಡು ಬ್ಯಾಡ, ನಮ್ಮ ಕಡೆಯಿಂದ."

"ದುಡ್ಡು ತಗಳ್ರಿ, ಜಾಗ ಕೊಡ್ರಿ. ಬಸ್ಸಲ್ಲಿ ನಾವೂ ಅಂಗೇ ಮಾಡಾದು. ಹಿಂದೆ ಜನ ನಿಂತವ್ರೆ, ದಾರಿ ಬಿಡ್ರಿ."

ಹಿಂದೆ ನಿಜಕ್ಕೂ ಜನ ನಿಂತಿದ್ದರು. ನಾಗರಾಜ ದಾರಿ ಬಿಟ್ಟ. ಅವರಿಗೆ ಸಿಕ್ಕಿದ್ದು ಸೀರೆಯ ಚೌಕಟ್ಟಿನ ಕೆಳಗಿನ ಮೇಜು.

ಕುರ್ಚಿ ಮೆತ್ತಗಿತ್ತು. ಯರ್ರಮ್ಮ ಅದರ ತುದಿಯಲ್ಲಿ ಕೂತಳು. ಮೇಜಿನ ಮೇಲೆ ತಟ್ಟೆಗಳಿದ್ದವು. ನಿನ್ನೆ ಅವಳೇ ತೊಳೆದವು. ಒಂದರ ಅಂಚಿನಲ್ಲಿ ಕೂದಲೆಳೆಯಂಥ ಬಿರುಕು, ಅದು ಅವಳಿಗೆ ಗುರುತಿತ್ತು. ಒದ್ದೆ ಇಲ್ಲದೆ, ಎಂಜಲಿಲ್ಲದೆ ಆ ತಟ್ಟೆಯನ್ನು ಎದುರಿಗಿಟ್ಟುಕೊಂಡು ಕೂತದ್ದು ಇದೇ ಮೊದಲು.

ಪಾಲಾಕ್ಷ ಬಂದ. ಕಿಂಡಿಯಲ್ಲಾದರೆ ಅವನಿಗೆ ಅವಳು ಯರ್ರಕ್ಕ. ಹಾಲಿನಲ್ಲಿ ಬೇರೆ ನಿಯಮ.

"ಏನು ತರ್ಲಿ ಮೇಡಂ?" ಎಂದ.

ಇಬ್ಬರಿಗೂ ನಗು ಬಂತು. ಇಬ್ಬರೂ ನಗಲಿಲ್ಲ.

"ಅಂಟೋದು ತಾರಪ್ಪ" ಎಂದಳು ಯರ್ರಮ್ಮ. "ಪದರ ಪದರ ಇರ್ತೈತಲ್ಲ, ಅದು."

ಅದು ಲಸಾನ್ಯ. ಅದಕ್ಕಿಂತ ಮೊದಲು ಸೂಪು ಬಂತು. ಕಾಳು ತರಕಾರಿ ಹಾಕಿದ ಸಾರು, ಹುಳಿಯಿಲ್ಲ, ಖಾರವಿಲ್ಲ. "ಬಾಣಂತಿಗೆ ಚೆನ್ನಾಗಿರ್ತೈತೆ" ಎಂದಳು ಯರ್ರಮ್ಮ. ಬೆಳ್ಳುಳ್ಳಿ ಸವರಿ ಸುಟ್ಟ ಬ್ರೆಡ್ಡು ಬಂತು. ಅವಳು ಅದನ್ನು ಮೂಗಿನ ಹತ್ತಿರ ಹಿಡಿದು ಸ್ವಲ್ಪ ಹೊತ್ತು ಹಾಗೇ ಕೂತಳು. ಎಣ್ಣೆ ಬೇರೆ. ಬೆಳ್ಳುಳ್ಳಿ ಅದೇ.

ಆಮೇಲೆ ಲಸಾನ್ಯ. ಬಿಸಿಯಾಗಿತ್ತು. ಕಿಂಡಿಗೆ ಬರುವಾಗ ಅದು ಯಾವಾಗಲೂ ತಣ್ಣಗಾಗಿರುತ್ತಿತ್ತು. ಅವಳು ಚಮಚ ಬಿಟ್ಟು ಕೈಯಲ್ಲೇ ತಿಂದಳು. ಆಶಾನೂ ಕೈಯಲ್ಲೇ ತಿಂದಳು.

"ಹೆಂಗೈತವ್ವ?"

"ಚೆನ್ನಾಗೈತೆ." ಇನ್ನೊಂದು ತುತ್ತು ತಿಂದು ಹೇಳಿದಳು. "ಇಷ್ಟು ಚೆನ್ನಾಗಿರಾದನ್ನ ತಟ್ಟೇಲಿ ಬಿಟ್ಟು ಹೋಗ್ತಾರಲ್ಲ, ಅದೇ ಸೋಜಿಗ."

ಪಕ್ಕದ ಮೇಜಿನಲ್ಲಿ ಕನ್ನಡಕದ ಹೆಂಗಸೊಬ್ಬಳು ಒಬ್ಬಳೇ ಊಟ ಮಾಡುತ್ತಿದ್ದಳು. ಕಾವಲಿನ ಕಡೆ ಕೆಲಸಕ್ಕೆ ಬಂದವಳಿರಬೇಕು. ಇವರ ನೀರು ಖಾಲಿಯಾದದ್ದನ್ನು ನೋಡಿ ತನ್ನ ಜಗ್ಗನ್ನು ಇವರ ಕಡೆ ಸರಿಸಿದಳು. ಯರ್ರಮ್ಮ ತಲೆಯಾಡಿಸಿ ನೀರು ಬಗ್ಗಿಸಿಕೊಂಡಳು.

ಓಂಕಾರಮೂರ್ತಿ ಒಳಗಿನಿಂದ ಬಂದ. ಒಂದು ಗಳಿಗೆ ನಿಂತ. ಆಮೇಲೆ ಮುಖದಲ್ಲಿ ನಗು ತಂದುಕೊಂಡ.

"ಬಹಳ ಸಂತೋಷ ಯರ್ರಮ್ಮ" ಎಂದು ಹೇಳಿ ಪಕ್ಕದ ಮೇಜಿನ ಕಡೆ ತಿರುಗಿದ. "ನಮ್ಮ ಸ್ಟಾಫು. ನಮ್ಮೂರವರೇ. ನಮ್ಮಲ್ಲಿ ಅಂಥದ್ದೇನಿಲ್ಲ ನೋಡಿ ಮೇಡಂ."

ಅಂಥದ್ದು ಎಂದರೆ ಎಂಥದ್ದು ಎಂದು ಆಕೆ ಕೇಳಿರಲಿಲ್ಲ. ಅವನು ಫೋನು ತೆಗೆದು ಇಬ್ಬರ ಹಿಂದೆ ನಿಂತು ಫೋಟೋ ತೆಗೆದುಕೊಂಡ. ಲಸಾನ್ಯ ಮುಗಿಯುವ ಮೊದಲೇ ಆ ಫೋಟೋ ಊರೆಲ್ಲ ನೋಡುವಂತಾಗಿತ್ತು. ಕೆಳಗೆ ಇಂಗ್ಲಿಷಿನಲ್ಲಿ, ನಮ್ಮ ಮನೆಯಲ್ಲಿ ಎಲ್ಲರೂ ಸಮಾನರು ಎಂದು ಬರೆದಿದ್ದ.

ಅಲ್ಲಿಯ ಪದ್ಧತಿ ಹೀಗೆ: ಊಟದ ತಟ್ಟೆ ಎತ್ತಿದ ಮೇಲೆಯೇ ಸಿಹಿ. ಪಾಲಾಕ್ಷ ಎಲ್ಲ ಮೇಜಿನ ತಟ್ಟೆಗಳನ್ನು ಎತ್ತುತ್ತ ಬಂದ. ಇವರ ಮೇಜಿನ ಹತ್ತಿರ ಬಂದವನು ಇವರನ್ನು ಬಳಸಿಕೊಂಡು ಮುಂದಿನದಕ್ಕೆ ಹೋದ. ಮತ್ತೊಂದು ಸುತ್ತು ಬಂದ. ಮತ್ತೆ ಬಳಸಿಕೊಂಡು ಹೋದ. ಅವನ ಕಣ್ಣು ತಟ್ಟೆಯ ಮೇಲಿತ್ತು. ಕೈ ಬರಲಿಲ್ಲ.

ಆಶಾ ತಾನು ಮೊದಲೇ ಹೇಳಿದ್ದ ಸಿಹಿಯ ಹೆಸರನ್ನು ಪಟ್ಟಿಯಲ್ಲಿ ಮತ್ತೆ ಓದುತ್ತಿದ್ದಳು. ಯರ್ರಮ್ಮ ಎದ್ದಳು. ತನ್ನ ತಟ್ಟೆ ಎತ್ತಿಕೊಂಡಳು, ಅದರ ಮೇಲೆ ಮಗಳ ತಟ್ಟೆಯನ್ನೂ ಇಟ್ಟುಕೊಂಡಳು, ಹೊರಟಳು. ಯೋಚಿಸಿ ಮಾಡಿದ್ದಲ್ಲ. ಹೊರಗಿನ ಊಟ ಮುಗಿದರೆ ತಟ್ಟೆ ಎತ್ತಿಕೊಂಡು ನೀರಿನ ಕಡೆ ನಡೆಯುವುದು ಅವಳ ಕಾಲಿಗೆ ಚಿಕ್ಕಂದಿನಿಂದ ಬಂದದ್ದು. ಅಪ್ಪನ ಕಾಲಿಗೂ ಬಂದಿತ್ತು.

"ಅವ್ವ" ಎಂದಳು ಆಶಾ. ಆಗಲೇ ಯರ್ರಮ್ಮ ಹಾಲಿನ ನಡುವೆ ಇದ್ದಳು.

ಎಲ್ಲರೂ ನೋಡಿದರು. ನಾಗರಾಜ ಓಡಿ ಬಂದು ಅಡಿಗೆಮನೆಯ ಬಾಗಿಲನ್ನು ಅಗಲವಾಗಿ ತೆಗೆದು ಹಿಡಿದ. ಆ ಹೋಟೆಲಿನಲ್ಲಿ ಅವಳಿಗಾಗಿ ಯಾರಾದರೂ ಬಾಗಿಲು ತೆಗೆದದ್ದು ಅದೇ ಮೊದಲು. "ಅಲ್ಲೇ ಇಡವ್ವ, ತೊಳ್ದೇ ಇಟ್ಬಿಡು" ಎಂದ. ಅವನ ಮುಖದಲ್ಲಿ ದೊಡ್ಡ ನಿರಾಳ ಇತ್ತು.

ಯರ್ರಮ್ಮ ತೊಟ್ಟಿಯ ಮುಂದೆ ನಿಂತಳು. ನಿನ್ನೆಯ ಸಂಜೆಯಿಂದ ಯಾರೂ ಒಂದು ಚಮಚ ತೊಳೆದಿರಲಿಲ್ಲ. ತಟ್ಟೆಗಳ ರಾಶಿ ನಲ್ಲಿಯನ್ನು ಮುಚ್ಚಿತ್ತು. ಅವಳ ರಜೆ ಎಂದರೆ ನಾಳೆಗೆ ಎರಡರಷ್ಟು ಕೆಲಸ. ಅವಳ ಏಪ್ರನ್ ಗೂಟದ ಮೇಲೆ ಒದ್ದೆಯಾಗಿಯೇ ಇತ್ತು. ಪಕ್ಕದಲ್ಲಿ ಮೊಳೆಗೆ ಅವಳ ಸ್ಟೀಲಿನ ತಟ್ಟೆ.

ಅವಳು ಕೈಯಲ್ಲಿದ್ದ ಬಿಳಿ ತಟ್ಟೆ ನೋಡಿದಳು. ಮೊಳೆಯ ಮೇಲಿನದನ್ನು ನೋಡಿದಳು. ಅವಳು ತೊಳೆದ ತಟ್ಟೆಯಲ್ಲಿ ಎಲ್ಲರೂ ಉಣ್ಣುತ್ತಾರೆ. ಅದಕ್ಕೆ ಯಾರಿಗೂ ಹೇಸಿಗೆಯಿಲ್ಲ. ಅವಳು ಉಂಡ ತಟ್ಟೆಯನ್ನು ಮಾತ್ರ ಅವಳೇ ತೊಳೆಯಬೇಕು. ಸೂರಿನಿಂದ ಮೊಳೆಗೆ ಬರಲು ಇಷ್ಟು ವರ್ಷ ಹಿಡಿಯಿತು.

ಅವಳು ತಿರುಗಿದಳು. ಬಾಗಿಲು ಮುಚ್ಚಿಕೊಂಡಿತ್ತು. ಈ ಸಲ ಯಾರೂ ತೆಗೆಯಲಿಲ್ಲ. ಭುಜದಿಂದ ತಳ್ಳಿಕೊಂಡು ಹೊರಗೆ ಬಂದಳು. ತಟ್ಟೆಗಳನ್ನು ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟಳು. ಕೂತಳು. ಈ ಸಲ ಕುರ್ಚಿಯ ತುದಿಯಲ್ಲಲ್ಲ, ಬೆನ್ನು ಒರಗಿಸಿ.

"ಏನಾತವ್ವ?" ಎಂದಳು ಆಶಾ.

"ತಟ್ಟೆ ಎತ್ತಲಿ. ಆಮೇಲೆ ಸಿಹಿ ತಿನ್ನಾಣ."

ಬಾಗಿಲಲ್ಲಿ ಕಾದಿದ್ದವರು ಖಾಲಿ ಮೇಜು ಹುಡುಕಿ ಇಣುಕಿದರು. ನಾಗರಾಜ ಪಾಲಾಕ್ಷನಿಗೆ ಎತ್ತು ಎಂದು ಕಣ್ಣಿನಲ್ಲೇ ಹೇಳಿದ. ಪಾಲಾಕ್ಷ ಎರಡು ಕೈಯಲ್ಲೂ ಲೋಟ ಹಿಡಿದುಕೊಂಡ. ಇನ್ನೊಬ್ಬ ಬಡಿಸುವವನು ಒಳಗೆ ಹೋದವನು ಹೊರಗೆ ಬರಲಿಲ್ಲ. ನಾಗರಾಜ ತಾನೇ ಬಂದ. ಒಂದು ಬಿಳಿ ಕರವಸ್ತ್ರ ಬಿಡಿಸಿ ತಟ್ಟೆಗಳ ಮೇಲೆ ಹೊದಿಸಿದ. ಹೆಣಕ್ಕೆ ಹೊದಿಸಿದ ಹಾಗೆ ಕಂಡಿತು. ಆಮೇಲೆ ಪಕ್ಕದಲ್ಲಿ ಬಿಲ್ಲು ಇಟ್ಟ.

ಆಶಾ ದುಡ್ಡು ಇಟ್ಟಳು. ಯರ್ರಮ್ಮ ಕರವಸ್ತ್ರ ತೆಗೆದು ಮಡಿಚಿ ಪಕ್ಕಕ್ಕಿಟ್ಟಳು.

"ಊಟ ಆತಲ್ಲಕ್ಕ, ಜನ ಕಾಯ್ತಾವ್ರೆ" ಎಂದ ನಾಗರಾಜ.

"ಸಿಹಿ ಹೇಳೀವಿ" ಎಂದಳು ಆಶಾ.

"ಅದನ್ನ ಪಾರ್ಸೆಲ್…"

"ಟಿಕೆಟ್ ತಗಂಡೋರ್ನ ನಡುದಾರೀಲಿ ಇಳಿಸಂಗಿಲ್ರಿ."

ಓಂಕಾರಮೂರ್ತಿ ಬಂದ. ಈಗ ಫೋನು ಕಿಸೆಯಲ್ಲಿತ್ತು.

"ಏನ್ ಯರ್ರಮ್ಮ ಇದು, ನಿನ್ನಂಥೋಳು ಹಿಂಗ್ ಮಾಡಾದಾ? ಕೆಲ್ಸ ಕೊಟ್ಟ ಜಾಗದಲ್ಲಿ ಗಲಾಟೆ."

"ಗಲಾಟೆ ಎಲ್ಲೈತ್ರಿ? ಕುಂತೀವಿ."

"ಎದ್ರೆ ತಾನೇ ತೆಗಿಯಾದು. ನೀವು ಎದ್ದು ಹೋಗಿ, ಆಮೇಲೆ ತೆಗಿಸ್ತೀನಿ."

"ಯಾರ ಕೈಲಿ?"

ಅವನು ನಾಗರಾಜನ ಕಡೆ ತಿರುಗಿದ.

"ನಾಳೆ ಬೆಳಿಗ್ಗೆ ನನ್ನ ಕೈಲೇ ಅಲ್ಲೇನ್ರಿ" ಎಂದಳು ಯರ್ರಮ್ಮ. ಅವಳ ದನಿ ಏರಿರಲಿಲ್ಲ. "ನಿಮ್ಮ ತಟ್ಟೆ ನಾನು ತೊಳಿತೀನಿ. ನಿಮ್ಮ ಮಕ್ಕಳ ತಟ್ಟೆ ತೊಳ್ದೀನಿ. ಬಂದೋರು ಹೋದೋರ ತಟ್ಟೆ ತೊಳ್ದೀನಿ. ನಂದು ಒಂದು ಐತೆ. ಎತ್ರಿ."

ಗಲ್ಲಾಪೆಟ್ಟಿಗೆಯ ಪಕ್ಕ, ದೇವರ ಫೋಟೋದ ಕೆಳಗೆ, ಮೆತ್ತೆ ಹಾಕಿದ ಕುರ್ಚಿಯಲ್ಲಿ ಸರ್ವಮಂಗಳಮ್ಮ ಕೂತಿದ್ದಳು. ಎಪ್ಪತ್ತು ದಾಟಿತ್ತು. ಕೋಲು ಊರಿಕೊಂಡು ಮೇಜಿನ ಹತ್ತಿರ ಬಂದಳು. ಯರ್ರಮ್ಮನ ಮುಖವನ್ನು ಬಗ್ಗಿ ನೋಡಿದಳು.

"ನೀನು ಕ್ಯಾತಪ್ಪನ ಮಗಳಲ್ಲೇನೇ? ಹೋಟ್ಲ ಹತ್ರ ಬರ್ತಿದ್ದಲ್ಲ, ಎರಡು ಜಡೆ ಹಾಕ್ಕಂಡು."

"ಹೌದವ್ವಾರೆ."

"ನಿಮ್ಮಪ್ಪ ಎಂಥ ಒಳ್ಳೆ ಮನುಷ್ಯ. ಒಂದಿನಾನೂ ತಟ್ಟೆ ತೊಳೀದೆ ಇಟ್ಟೋನಲ್ಲ. ಮಣ್ಣು ಹಾಕಿ ತಿಕ್ಕಿ ಫಳಫಳ ಮಾಡಿ ಇಡ್ತಿದ್ದ. ಯಾರೂ ಹೇಳಬೇಕಾಗೇ ಇರ್ಲಿಲ್ಲ."

ಆಕೆ ಪ್ರೀತಿಯಿಂದಲೇ ಹೇಳಿದಳು. ಅದರಲ್ಲಿ ಸುಳ್ಳಿರಲಿಲ್ಲ. ಆಶಾ ಬಾಯಿ ತೆರೆದಳು. ಯರ್ರಮ್ಮ ಮಗಳ ಮುಂಗೈ ಹಿಡಿದು ತಡೆದಳು.

"ಹೌದವ್ವಾರೆ, ತೊಳೀತಿದ್ದ" ಎಂದಳು. "ನೀವು ಒಂದು ಹಿಡಿ ಮಂಡಕ್ಕಿ ಜಾಸ್ತಿ ಹಾಕ್ತಿದ್ರಿ. ಅದೂ ನೆನಪೈತೆ."

ಸರ್ವಮಂಗಳಮ್ಮನ ಮುಖ ಅರಳಿತು.

"ನಾನು ತೊಳೆಯಲ್ಲ" ಎಂದಳು ಯರ್ರಮ್ಮ.

ಸರ್ವಮಂಗಳಮ್ಮ ಮಗನ ಕಡೆ ನೋಡಿದಳು. ಮಗ ಅವಳ ಕಡೆ ನೋಡಿದ. ಇಬ್ಬರಲ್ಲಿ ಯಾರು ಕೈ ಚಾಚಿದ್ದರೂ ಅದು ಒಂದು ಉಸಿರಿನ ಕೆಲಸ. ಎರಡು ತಟ್ಟೆ, ಎರಡು ಚಮಚ, ಒಣಗುತ್ತಿದ್ದ ಕೆಂಪು. ಹಡಗಿನಲ್ಲಿ ಯಾವ ಯಾವ ದೇಶದವರ ಎಂಜಲನ್ನೋ ಓಂಕಾರಮೂರ್ತಿ ಎತ್ತಿದ್ದ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ ಕೂಡ. ಈಗ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಂತ.

ಪಕ್ಕದ ಮೇಜಿನ ಹೆಂಗಸು ಕನ್ನಡಕ ತೆಗೆದಿಟ್ಟು ಎದ್ದಳು. "ನಾನು ಎತ್ತುತ್ತೇನೆ" ಎಂದಳು.

"ಬ್ಯಾಡ ತಾಯಿ" ಎಂದಳು ಯರ್ರಮ್ಮ. "ನೀವು ಊಟಕ್ಕೆ ಬಂದೋರು. ಮನೆಯೋರು ಎತ್ಲಿ."

ಆಕೆಗೆ ಅರ್ಥವಾಯಿತು. ಕೂತಳು. ಆದರೆ ತನ್ನ ಊಟ ಮುಗಿದಿದ್ದರೂ ಎದ್ದು ಹೋಗಲಿಲ್ಲ.

ಪಾಲಾಕ್ಷ ಕೈಯಲ್ಲಿದ್ದ ಲೋಟಗಳನ್ನು ಯಾವುದೋ ಮೇಜಿನ ಮೇಲಿಟ್ಟ. ಯಾರ ಮುಖವನ್ನೂ ನೋಡದೆ ಬಂದ. ಯರ್ರಮ್ಮನ ತಟ್ಟೆ ಎತ್ತಿದ. ಬಟ್ಟೆ ಹಿಡಿಯಲಿಲ್ಲ, ತಟ್ಟೆಯ ಅಡಿಗೆ ಟ್ರೇ ಹಿಡಿಯಲಿಲ್ಲ. ಉಳಿದಿದ್ದ ಕೆಂಪನ್ನು ಹೆಬ್ಬೆರಳಿನಿಂದ ಬಳಿದು ಒಂದು ಕಡೆ ಮಾಡಿದ. ಆಶಾಳ ತಟ್ಟೆಯನ್ನು ಅದರ ಮೇಲಿಟ್ಟ. ಚಮಚಗಳು ಸದ್ದು ಮಾಡಿದವು. ಅಡಿಗೆಮನೆಯೊಳಗೆ ಹೋದ. ನಲ್ಲಿ ಬಿಟ್ಟ ಸದ್ದು ಹಾಲಿನವರೆಗೆ ಕೇಳಿಸಿತು.

ಆಮೇಲೆ ಕೈ ಒರೆಸಿಕೊಳ್ಳುತ್ತ ಬಂದು ಎರಡು ಬಟ್ಟಲು ಇಟ್ಟ. "ಇದು ತಿರಮಿಸು" ಎಂದ. "ಕಾಫಿ ಹಾಕಿರ್ತಾರೆ ಯರ್ರಕ್ಕ."

ಅವರು ನಿಧಾನವಾಗಿ ತಿಂದರು. ಆ ಬಟ್ಟಲುಗಳನ್ನೂ ಮೇಜಿನ ಮೇಲೆಯೇ ಬಿಟ್ಟು ಎದ್ದರು.

ಸೋಮವಾರ ಬೆಳಿಗ್ಗೆ ನಾಗರಾಜ ಫೋನು ಮಾಡಿದ. ಇನ್ನು ಬರುವುದು ಬೇಡ, ವಯಸ್ಸಾಯಿತು, ವಿಶ್ರಾಂತಿ ತಗೋ, ಎಂದ. ಯರ್ರಮ್ಮ ಸರಿ ಎಂದಳು. ಆಶಾ ಡ್ಯೂಟಿಗೆ ಹೊರಟಿದ್ದಳು. ಬಾಗಿಲಲ್ಲಿ ನಿಂತು, "ನನ್ನಿಂದ ಹೋತು ಕಣವ್ವ" ಎಂದಳು. "ಹೋದ್ರೆ ಹೋಗ್ಲಿ. ಬಸ್ಸಿಗೆ ಹೊತ್ತಾತು, ಹೋಗು" ಎಂದಳು ಯರ್ರಮ್ಮ. ನಿಂತು ಮಾಡುವ ಕೆಲಸ ಇನ್ನೆಲ್ಲೂ ಇರಲಿಲ್ಲ. ಅದು ಅವಳಿಗೆ ಭಾನುವಾರವೂ ಗೊತ್ತಿತ್ತು.

ನಾಗರಾಜ ಬೇರೆ ಹೆಂಗಸರನ್ನು ಹುಡುಕಿಕೊಂಡು ಕೇರಿಗೆ ಬಂದ. ಚಿಕ್ಕಕ್ಕನನ್ನು ಕೇಳಿದ. ಚಿಕ್ಕಕ್ಕ ಒಲೆಗೆ ಊದುತ್ತಿದ್ದಳು. ಊದುಗೊಳವೆ ಪಕ್ಕಕ್ಕಿಟ್ಟು, "ಅಲ್ಲಿ ಮೊಳೆ ಐತಾ?" ಎಂದು ಕೇಳಿದಳು. ಅವನು ಮುಂದಿನ ಮನೆಗೆ ಹೋದ. ರಾಧಮ್ಮನೂ ಅದನ್ನೇ ಕೇಳಿದಳು. ಆ ವಾರವಿಡೀ ಕೇರಿಯಲ್ಲಿ ಅವನಿಗೆ ಸಿಕ್ಕ ಉತ್ತರ ಆ ಒಂದು ಪ್ರಶ್ನೆಯೇ.

ಕಾಸಾ ಓಂಕಾರಿನಲ್ಲಿ ಲಸಾನ್ಯವನ್ನು ಈಗ ಅಡಿಕೆ ಹಾಳೆಯ ತಟ್ಟೆಯಲ್ಲಿ ಕೊಡುತ್ತಾರೆ. ಬಾಗಿಲಲ್ಲಿ ಪರಿಸರಸ್ನೇಹಿ ಎಂಬ ಹೊಸ ಬೋರ್ಡು ಬಂದಿದೆ. ಬಂದವರು ಮೆಚ್ಚಿಕೊಂಡು ಅದರದ್ದೂ ಫೋಟೋ ತೆಗೆದುಕೊಳ್ಳುತ್ತಾರೆ.

ಒಂದು ಮಧ್ಯಾಹ್ನ ಪಾಲಾಕ್ಷ ಕೇರಿಗೆ ಬಂದ. ಕರಿ ಕೋಟು ಇರಲಿಲ್ಲ. ಬಾಗಿಲ ಹೊರಗೆ ನಿಂತು, "ಯರ್ರಕ್ಕ" ಎಂದ.

"ಬಾರಪ್ಪ. ಕೆಲ್ಸಕ್ಕೆ ಹೋಗಿಲ್ವಾ?"

"ಬಿಟ್ಟೆ. ಒಂದ್ಸಲ ಎತ್ತಿದ್ದೀಯಲ್ಲ, ಇನ್ಮುಂದೆ ನೀನೇ ತೊಳಿ ಅಂತ ತೊಟ್ಟಿ ಮುಂದೆ ನಿಲ್ಲಿಸಿದ್ರು. ನಾಕು ದಿನ ತೊಳ್ದೆ. ನನ್ನ ಊಟದ ತಟ್ಟೇನೂ ಬುಟ್ಟಿಯಿಂದ ತೆಗ್ದು ಬೇರೆ ಇಟ್ರು."

"ಮನೇಲಿ?"

"ನಮ್ಮತ್ತೆ ಬಚ್ಚಲಿಗೆ ಹೋಗಿ ಬಾ ಅಂದ್ಲು. ದಿನಾ ಸ್ನಾನ ಮಾಡ್ತೀನಲ್ಲ ಅಂದೆ. ಮಾತು ಬಿಟ್ಟವ್ಳೆ. ಮನೆ ಈಗ ತಣ್ಣಗೈತೆ."

ಅವನ ಕಂಕುಳಲ್ಲಿ ಪೇಪರಿನಲ್ಲಿ ಸುತ್ತಿದ್ದೇನೋ ಇತ್ತು. ಅದನ್ನು ಚಾಚಿದ. ಚಾಚಿದವನು ಜಗಲಿಯ ಮೇಲೆ ಇಡಲೆಂದು ಬಗ್ಗಿದ. ಅರ್ಧಕ್ಕೆ ನಿಲ್ಲಿಸಿದ. ನೆಟ್ಟಗಾಗಿ ಅವಳ ಕೈಗೆ ಕೊಟ್ಟ.

ಯರ್ರಮ್ಮ ಪೇಪರು ಬಿಚ್ಚಿದಳು. ಅವಳ ಸ್ಟೀಲಿನ ತಟ್ಟೆ. ಅಂಚಿನಲ್ಲಿ ತೂತು.

"ಮೊಳೇನೂ ಕಿತ್ತು ಬಂದೆ" ಎಂದ ಪಾಲಾಕ್ಷ. "ಅದನ್ನ ದಾರೀಲಿ ಎಸೆದೆ."

"ಯಾರ ಕಾಲಿಗಾದ್ರೂ ಚುಚ್ಚೀತು ಕಣಪ್ಪ."

"ಬಾವಿಗೆ ಹಾಕ್ದೆ. ಪಾಳು ಬಾವಿ."

"ಅಂಗಾದ್ರೆ ಸರಿ. ಉಂಡೇನು?"

ಯರ್ರಮ್ಮ ಒಳಗಿನಿಂದ ಚಾಪೆ ತಂದು ನಡುಮನೆಯಲ್ಲಿ ಹಾಸಿದಳು. ಅವನು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತ. ಚಪ್ಪಲಿ ಬಿಟ್ಟ. ತಲೆ ಬಗ್ಗಿಸಿ ಒಳಗೆ ಬಂದು ಕೂತ.

ಒಲೆಯ ಮೇಲೆ ಹುರುಳಿ ಸಾರು ಕುದಿಯುತ್ತಿತ್ತು. ಅವಳು ಬೆಳ್ಳುಳ್ಳಿ ಜಜ್ಜಿ ಕಡಲೆಕಾಯಿ ಎಣ್ಣೆಯಲ್ಲಿ ಒಗ್ಗರಣೆ ಕೊಟ್ಟಳು. ತಟ್ಟೆಯನ್ನು ತೊಳೆದು ಮುದ್ದೆ ಇಟ್ಟಳು, ಸಾರು ಬಿಟ್ಟಳು. ಸಾರು ಹರಿದು ಹೋಗದ ಹಾಗೆ ತೂತಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದುಕೊಂಡು ಬಂದಳು. ನೆಲದ ಮೇಲೆ ಇಡಲಿಲ್ಲ. ಬಗ್ಗಲು ಬಾರದ ಮೊಣಕಾಲನ್ನು ಗೋಡೆ ಹಿಡಿದು ಬಗ್ಗಿಸಿ, ಊಟವನ್ನು ಅವನ ಕೈಗೆ ಕೊಟ್ಟಳು.